ಅಂತರರಾಷ್ಟ್ರೀಯ ರಾಜಕೀಯದ ಸಿದ್ಧಾಂತಗಳನ್ನು ಓದುವುದು ಹೇಗೆ? ಮಂಗಳೂರು ಒಪ್ಪಂದವನ್ನು ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

'ವಾಸ್ತವವಾದದ ಲಕ್ಷಣಗಳನ್ನು ಬರೆಯಿರಿ' ಎಂದರೆ ಎಂಟು ಅಂಶ ಪಟಪಟನೆ ಬರೆದುಕೊಡುವ ವಿದ್ಯಾರ್ಥಿ, 'ಇವತ್ತಿನ ಪತ್ರಿಕೆಯ ಈ ಸುದ್ದಿಯನ್ನು ವಾಸ್ತವವಾದಿ (ದೇಶಗಳ ನಡೆಗೆ ಬಲದ ಲೆಕ್ಕವೇ ಕಾರಣ ಎನ್ನುವವನು) ಹೇಗೆ ವಿವರಿಸುತ್ತಾನೆ' ಎಂದು ಕೇಳಿದರೆ ಪೆನ್ನು ಕೆಳಗಿಡುತ್ತಾನೆ. ಕೊಣಾಜೆಯಲ್ಲಿ ಎಂ.ಎ. ಓದುವವರು, ಉಡುಪಿಯಲ್ಲಿ ಕೋಣೆ ಹಿಡಿದು ನಾಗರಿಕ ಸೇವಾ ಪರೀಕ್ಷೆಗೆ ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು, ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಗೆ ಕುಳಿತವರು, ಎಲ್ಲರ ಪ್ರಶ್ನೆಯೂ ಒಂದೇ: ಇಷ್ಟೊಂದು ವಾದಗಳಿವೆ, ಎಲ್ಲಿಂದ ಹಿಡಿಯಬೇಕು, ನೆನಪಿಟ್ಟುಕೊಳ್ಳುವುದು ಹೇಗೆ? ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಗಂಟಲು ಒಣಗಿದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನೆನಪಿಟ್ಟುಕೊಳ್ಳಲು ಹೋಗಬೇಡಿ ಎನ್ನುವುದೇ ಮೊದಲ ಸಲಹೆ. ನಮ್ಮ ಕರಾವಳಿಯವರಿಗೆ ತಾಳಮದ್ದಲೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ; ಉಳಿದವರಿಗೆ ಹೇಳುವುದಾದರೆ, ವೇಷ ಕುಣಿತಗಳಿಲ್ಲದೆ ಅರ್ಥಧಾರಿಗಳು ಕುಳಿತು ಪಾತ್ರಗಳಾಗಿ ವಾದಿಸುವ ಯಕ್ಷಗಾನದ ಬಗೆ ಅದು. ಪ್ರಸಂಗ 'ಕೃಷ್ಣ ಸಂಧಾನ'ವೇ. ಈ ವಾರ ಕೃಷ್ಣನ ಅರ್ಥ ಹೇಳಿದವರು ಮುಂದಿನ ವಾರ ಪಕ್ಕದ ಊರಿನಲ್ಲಿ ಕೌರವನಾಗಿ ಕೂರುತ್ತಾರೆ. ಐದು ಊರನ್ನೂ ಏಕೆ ಕೊಡಬಾರದು ಎಂದು ಪಳಗಿದ ಅರ್ಥಧಾರಿ ವಾದಿಸತೊಡಗಿದರೆ ಸಭೆಯಲ್ಲಿರುವ ನಮಗೂ ಒಂದು ಗಳಿಗೆ 'ಕೌರವನ ಮಾತಿನಲ್ಲೂ ಹುರುಳಿದೆ' ಅನ್ನಿಸುತ್ತದೆ. ಸಿದ್ಧಾಂತಗಳನ್ನು ಓದಬೇಕಾದದ್ದು ಆ ಅರ್ಥಧಾರಿಯ ಹಾಗೆ. ಪ್ರಸಂಗ ಒಂದನ್ನೇ ಇಟ್ಟುಕೊಂಡು, ಒಂದೊಂದು ಸಿದ್ಧಾಂತದ ಪಾತ್ರದಲ್ಲೂ ಕುಳಿತು, ಮನಸ್ಸಿಟ್ಟು ಅರ್ಥ ಹೇಳಬೇಕು. ನಿಮಗೆ ಯಾವುದು ಇಷ್ಟ ಎನ್ನುವುದನ್ನು ಆಮೇಲೆ ನೋಡೋಣ.

ಮೊದಲು ಬೇಕಾದದ್ದು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪ್ರಪಂಚ ಭೂಪಟ, ದಿನಕ್ಕೆ ಒಂದು ಗಂಟೆ. ಹೀಗೆ ಆರು ವಾರ ನಡೆಸಿದರೆ ಅಡಿಪಾಯ ಗಟ್ಟಿಯಾಗುತ್ತದೆ ಎನ್ನುವುದು ನನ್ನ ಅನುಭವ. ಇದರ ಜೊತೆಗೆ ವಿಶ್ವಸಂಸ್ಥೆಯ ಸನ್ನದನ್ನು ಒಮ್ಮೆಯಾದರೂ ಮೂಲದಲ್ಲೇ ಓದಿ. ಒಟ್ಟು 111 ವಿಧಿಗಳು. ಎಲ್ಲವೂ ಬೇಡ, ಪೀಠಿಕೆ, 2ನೇ ವಿಧಿ ಮತ್ತು 51ನೇ ವಿಧಿ ಸಾಕು. ಬಲಪ್ರಯೋಗ ಕೂಡದು ಎನ್ನುವುದು 2ನೆಯದರ ನಾಲ್ಕನೇ ಉಪವಿಧಿ. ದಾಳಿಯಾದರೆ ಆತ್ಮರಕ್ಷಣೆ ಮಾಡಿಕೊಳ್ಳಬಹುದು ಎನ್ನುವುದು 51ನೆಯದು. ಎಷ್ಟೋ ಯುದ್ಧಗಳ ಸಮರ್ಥನೆ ಈ ಎರಡರ ನಡುವಿನ ಸಂದಿಯಲ್ಲೇ ಹುಟ್ಟಿಕೊಂಡಿದೆ.

ಗೈಡುಗಳನ್ನು ಸದ್ಯಕ್ಕೆ ದೂರವಿಡಿ. ಅವು ಸಿದ್ಧಾಂತವನ್ನು ಪಟ್ಟಿ ಮಾಡುತ್ತವೆ, ಪಟ್ಟಿಯಿಂದ ಯೋಚನೆ ಹುಟ್ಟುವುದಿಲ್ಲ.

ಹಂತ 1: ಒಂದು ಪ್ರಸಂಗ ಹಿಡಿಯಿರಿ

ದೂರದ ಉದಾಹರಣೆ ಏಕೆ? 1784ರ ಮಂಗಳೂರು ಒಪ್ಪಂದವನ್ನೇ ತೆಗೆದುಕೊಳ್ಳಿ. ಎರಡನೇ ಆಂಗ್ಲೋ–ಮೈಸೂರು ಯುದ್ಧ 1780ರಲ್ಲಿ ಶುರುವಾಯಿತು. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಂಗಳೂರನ್ನೂ ಬಿದನೂರನ್ನೂ ಹಿಡಿಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು 1783ರ ಮೇ ತಿಂಗಳಿನಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಅವನ ಜೊತೆ ಫ್ರೆಂಚ್ ಸೈನಿಕರಿದ್ದರು. ಅಷ್ಟರಲ್ಲಿ ಯೂರೋಪಿನಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಸಂಧಾನವಾದ ಸುದ್ದಿ ಹಡಗಿನಲ್ಲಿ ಬಂತು, ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಕರಾವಳಿಯ ಮಳೆಗಾಲ, ಕೋಟೆಯೊಳಗೆ ಹಸಿವು ಮತ್ತು ಕಾಯಿಲೆ, ಹೊರಗೆ ಮುತ್ತಿಗೆ ಹಾಕಿದವರಿಗೂ ಸುಖವಿಲ್ಲ. 1784ರ ಜನವರಿ ಕೊನೆಯಲ್ಲಿ ಕೋಟೆ ಟಿಪ್ಪುವಿನ ಕೈಸೇರಿತು. ಮಾರ್ಚ್ 11ರಂದು ಒಪ್ಪಂದವಾಯಿತು: ಗೆದ್ದ ನೆಲವನ್ನು ಎರಡೂ ಕಡೆಯವರು ಹಿಂತಿರುಗಿಸುವುದು, ಸೆರೆಯಾಳುಗಳನ್ನು ಬಿಡುವುದು.

ಕಲಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಮದರಾಸಿನವರು ಮಾಡಿಕೊಂಡ ಈ ಒಪ್ಪಂದ ಹಿಡಿಸಲಿಲ್ಲ. ಆರೇ ವರ್ಷಗಳಲ್ಲಿ ಮತ್ತೆ ಯುದ್ಧ. ಈ ಸಲ ಮರಾಠರೂ ನಿಜಾಮನೂ ಕಂಪನಿಯ ಕಡೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಕಳುಹಿಸಬೇಕಾಯಿತು.

ಇಷ್ಟನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ಕೆಳಗೆ ಎರಡು ಪ್ರಶ್ನೆ: 1784ರಲ್ಲಿ ಸಂಧಿ ಏಕೆ ಆಯಿತು? ಅದು ಏಕೆ ಉಳಿಯಲಿಲ್ಲ?

ಇಲ್ಲೇ ಒಂದು ಎಚ್ಚರಿಕೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎನ್ನುವ ಚರ್ಚೆಗೆ ಇಳಿದರೆ ಈ ಪುಟ ಅಲ್ಲಿಗೇ ಮುಗಿಯಿತು. ಆ ಚರ್ಚೆಗೆ ಊರಿನಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ.

ಹಂತ 2: ಕಾರಣವನ್ನು ಮೂರು ಮಹಡಿಗಳಲ್ಲಿ ಹುಡುಕಿ

ಕೆನೆತ್ ವಾಲ್ಟ್ಸ್ ಎಂಬ ಅಮೆರಿಕದ ವಿದ್ವಾಂಸ 1959ರಲ್ಲಿ ಯುದ್ಧದ ಕಾರಣಗಳನ್ನು ಮೂರು ಕಡೆ ಹುಡುಕಬಹುದು ಎಂದು ವಿಂಗಡಿಸಿದ: ಮನುಷ್ಯ, ದೇಶದ ಒಳಗಿನ ವ್ಯವಸ್ಥೆ, ದೇಶಗಳೆಲ್ಲ ಸೇರಿ ಆಗುವ ಹೊರಗಿನ ವ್ಯವಸ್ಥೆ. ಇದನ್ನು 'ವಿಶ್ಲೇಷಣೆಯ ಸ್ತರಗಳು' ಎನ್ನುತ್ತಾರೆ. ಯಾವ ಸಿದ್ಧಾಂತಕ್ಕೂ ಕೈ ಹಾಕುವ ಮೊದಲು ಈ ಅಭ್ಯಾಸ ಮಾಡಿಕೊಳ್ಳಬೇಕು.

ನಮ್ಮ ಪ್ರಸಂಗದಲ್ಲಿ ಕೆಳಗಿನ ಮಹಡಿಯಲ್ಲಿ ಮನುಷ್ಯರಿದ್ದಾರೆ: ತಂದೆ ಸತ್ತು ಆಗಷ್ಟೇ ಪಟ್ಟಕ್ಕೆ ಬಂದ ಟಿಪ್ಪು, ಮದರಾಸಿನ ಗವರ್ನರ್ ಮೆಕಾರ್ಟ್ನಿ, ಕಲಕತ್ತೆಯ ಹೇಸ್ಟಿಂಗ್ಸ್. ನಡುವಿನ ಮಹಡಿಯಲ್ಲಿ ಕಂಪನಿಯ ಒಳಜಗಳ, ಯುದ್ಧದ ಖರ್ಚಿನಿಂದ ಬಳಲಿದ ಬೊಕ್ಕಸ. ಮೇಲಿನ ಮಹಡಿಗೆ ಹತ್ತಿದರೆ ನೇತ್ರಾವತಿಯ ದಡದಲ್ಲಿ ನಿಂತವರಿಗೆ ಕಾಣದ ಸಂಗತಿಗಳು ಕಾಣುತ್ತವೆ. 1782ರ ಸಾಲ್‌ಬಾಯ್ ಒಪ್ಪಂದದಿಂದ ಮರಾಠರು ಕಂಪನಿಯೊಂದಿಗೆ ರಾಜಿಯಾಗಿದ್ದರು. ಯೂರೋಪಿನ ಶಾಂತಿಯಿಂದ ಫ್ರೆಂಚರು ಕೈಬಿಟ್ಟರು. ಮಂಗಳೂರಿನ ಕೋಟೆಯ ಹೊರಗೆ ಎಷ್ಟು ಬಂದೂಕುಗಳಿರುತ್ತವೆ ಎನ್ನುವುದು ಯೂರೋಪಿನಲ್ಲಿ ತೀರ್ಮಾನವಾಯಿತು. ಇದನ್ನೇ 'ವ್ಯವಸ್ಥೆ' ಎನ್ನುವುದು.

ಎಲ್ಲ ಕಾರಣಗಳನ್ನೂ ಮೊದಲ ಮಹಡಿಯಲ್ಲೇ ತುಂಬಿಡುವುದು ಹೊಸಬರ ದೊಡ್ಡ ತಪ್ಪು. ಟಿ.ವಿ. ಚರ್ಚೆಗಳು ಅದನ್ನೇ ಕಲಿಸುತ್ತವೆ: ಇಬ್ಬರು ನಾಯಕರು ಎಷ್ಟು ಹೊತ್ತು ಕೈ ಕುಲುಕಿದರು, ಒಬ್ಬರ ಮುಖ ಏಕೆ ಗಂಟಿಕ್ಕಿತ್ತು ಎನ್ನುವುದರಲ್ಲೇ ವಿದೇಶಾಂಗ ನೀತಿ ಮುಗಿದುಹೋಗುತ್ತದೆ. ಮಹಡಿಗೊಂದರಂತೆ ಮೂರೂ ಸಾಲು ಬರೆಯದೆ ಪುಟ ತಿರುಗಿಸಬೇಡಿ.

ಹಂತ 3: ಕನ್ನಡ ಪದಗಳು ಒಡ್ಡುವ ಬೋನುಗಳನ್ನು ದಾಟಿ

ಈ ಹಂತಕ್ಕೆ ಎರಡು ವಾರ ಕೊಡಿ. ಕನ್ನಡ ಮಾಧ್ಯಮದವರು ಎಡವುವುದು ಸಿದ್ಧಾಂತದಲ್ಲಿ ಕಡಿಮೆ, ಪದಗಳಲ್ಲಿ ಹೆಚ್ಚು. ಅದು ಅವರ ದಡ್ಡತನವಲ್ಲ, ಪಠ್ಯಪುಸ್ತಕ ಬರೆದವರು ಒಬ್ಬೊಬ್ಬರು ಒಂದೊಂದು ಪದ ಬಳಸಿದ್ದರ ಫಲ.

*ರಾಜ್ಯ.* ಇಂಗ್ಲಿಷಿನ 'ಸ್ಟೇಟ್' ಎಂಬುದಕ್ಕೆ ನಮ್ಮ ಶಾಸ್ತ್ರದ ಪುಸ್ತಕಗಳಲ್ಲಿ 'ರಾಜ್ಯ' ಎಂದಿರುತ್ತದೆ. ಅದರ ಅರ್ಥ ಕರ್ನಾಟಕ, ಕೇರಳ ಎಂದಲ್ಲ; ತನ್ನ ಮೇಲೆ ಯಾರೂ ಇಲ್ಲದ ಸಾರ್ವಭೌಮ ಘಟಕ ಎಂದು. 'ರಾಜ್ಯಗಳ ನಡುವಿನ ಸಂಘರ್ಷಕ್ಕೆ ಉದಾಹರಣೆ ಕೊಡಿ' ಎಂದಾಗ ವಿದ್ಯಾರ್ಥಿನಿಯೊಬ್ಬಳು ಕಾವೇರಿ ವಿವಾದವನ್ನು ಎರಡು ಪುಟ ಬರೆದಿದ್ದಳು. ಬರವಣಿಗೆ ಚೆನ್ನಾಗಿತ್ತು, ಅಂಕ ಮಾತ್ರ ಕೊಡುವ ಹಾಗಿರಲಿಲ್ಲ. ಗೊಂದಲವಾಗುವ ಕಡೆ 'ಪ್ರಭುತ್ವ' ಅಥವಾ 'ದೇಶ' ಎಂದು ಬರೆಯಿರಿ. 'ರಾಷ್ಟ್ರ' ಎನ್ನುವುದು ಮತ್ತೊಂದು. ಅದು ಒಂದು ಜನಸಮುದಾಯ ತಾನು ಒಂದು ಎಂದುಕೊಳ್ಳುವ ಭಾವಕ್ಕೆ ಸೇರಿದ ಪದ. ಕುರ್ದ್ ಜನ ರಾಷ್ಟ್ರ ಎನ್ನಬಹುದು, ಅವರಿಗೆ ಸಾರ್ವಭೌಮ ದೇಶವಿಲ್ಲ.

*ಅರಾಜಕತೆ.* ಪೇಪರಿನಲ್ಲಿ ಈ ಪದ ಬಂದರೆ ದೊಂಬಿ, ಕಲ್ಲು ತೂರಾಟ. ನಮ್ಮ ಶಾಸ್ತ್ರದಲ್ಲಿ ಅದರ ಅರ್ಥ ಇಷ್ಟೇ: ದೇಶಗಳ ಮೇಲೆ ಆಜ್ಞೆ ಮಾಡುವ ಒಡೆಯ ಇಲ್ಲ. ಹಾಡುತ್ತಾ ಆಟ ನಡೆಸುವ ಭಾಗವತರಿಲ್ಲದ ಯಕ್ಷಗಾನ ರಂಗಸ್ಥಳ ಎಂದುಕೊಳ್ಳಿ. ವೇಷಗಳು ಕುಣಿಯಬಹುದು, ಹೊಂದಿಕೊಂಡು ಮಾತೂ ಆಡಬಹುದು, ಯಾರು ಯಾವಾಗ ನಿಲ್ಲಿಸಬೇಕು ಎಂದು ಹೇಳುವವರಿಲ್ಲ. ನಿಮ್ಮ ಜಾಗದ ಬೇಲಿಯನ್ನು ನೆರೆಯವನು ಒತ್ತಿದರೆ ಠಾಣೆ ಇದೆ, ನ್ಯಾಯಾಲಯವಿದೆ. ದೇಶಕ್ಕೆ ದೂರು ಕೊಡಲು ಠಾಣೆಯಿಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೂ ಸಂಬಂಧಪಟ್ಟ ದೇಶಗಳು ಒಪ್ಪಿದ್ದರೆ ಮಾತ್ರ ಅವುಗಳ ವ್ಯಾಜ್ಯ ತೀರ್ಮಾನಿಸಬಲ್ಲದು. ಅರಾಜಕತೆಯಲ್ಲಿ ವರ್ಷಗಟ್ಟಲೆ ಶಾಂತಿಯೂ ಇರಬಹುದು ಎನ್ನುವುದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

*ಪವರ್.* ಒಂದು ಪುಸ್ತಕದಲ್ಲಿ ಅಧಿಕಾರ, ಇನ್ನೊಂದರಲ್ಲಿ ಶಕ್ತಿ, ಮತ್ತೊಂದರಲ್ಲಿ ಬಲ. ಕುರ್ಚಿಯಿಂದ ಬರುವುದು ಅಧಿಕಾರ. ಸೈನ್ಯ, ಹಣ, ಜನಸಂಖ್ಯೆ, ಭೂಗೋಳ ಸೇರಿ ಆಗುವುದು ಬಲ. ಇನ್ನೊಬ್ಬನಿಂದ ತನಗೆ ಬೇಕಾದ್ದನ್ನು ಮಾಡಿಸುವುದು ಆ ಬಲದ ಪರಿಣಾಮ. ಬಲವಿದ್ದೂ ಮಾಡಿಸಲಾಗದ ಉದಾಹರಣೆಗೆ ವಿಯೆಟ್ನಾಮಿನಲ್ಲಿ ಅಮೆರಿಕವನ್ನು ನೋಡಿ. ಬಲಾತ್ಕಾರವಿಲ್ಲದೆ ಆಕರ್ಷಣೆಯಿಂದ ಮಾಡಿಸುವುದನ್ನು ಜೋಸೆಫ್ ನೈ 1990ರಲ್ಲಿ 'ಮೃದು ಶಕ್ತಿ' ಎಂದು ಕರೆದ.

*ಭದ್ರತಾ ಇಕ್ಕಟ್ಟು.* ಇದಕ್ಕೆ ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಗೆ ಹೋಗಿ ಬನ್ನಿ. ಗುರುಪುರ ನದಿಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಎನ್ನಲಾಗುವ ಕಪ್ಪುಕಲ್ಲಿನ ಕಾವಲು ಗೋಪುರ. ಮೆಟ್ಟಿಲು ಹತ್ತಿ ಗೋಡೆಯ ಕಂಡಿಗಳಲ್ಲಿ ಇಣುಕಿದರೆ ನೀರು, ಆಚೆ ತಣ್ಣೀರುಬಾವಿ. ಕಂಡಿಯ ಒಳಗೆ ನಿಂತವನಿಗೆ ಅದು ರಕ್ಷಣೆ. ನದಿಯಲ್ಲಿ ದೋಣಿಯ ಮೇಲೆ ನಿಂತವನಿಗೆ? ಅವನ ಕಡೆ ತಿರುಗಿರುವ ಫಿರಂಗಿಯ ಬಾಯಿ. ತನ್ನ ರಕ್ಷಣೆಗೆಂದು ಒಬ್ಬ ಮಾಡಿಕೊಂಡ ಏರ್ಪಾಡು ಇನ್ನೊಬ್ಬನಿಗೆ ಬೆದರಿಕೆಯಾಗಿ ಕಂಡು, ಅವನೂ ಶಸ್ತ್ರ ಕೂಡಿಸಿ, ಕೊನೆಗೆ ಇಬ್ಬರೂ ಮೊದಲಿಗಿಂತ ಅಭದ್ರರಾಗುವುದೇ ಈ ಇಕ್ಕಟ್ಟು. ಜಾನ್ ಹರ್ಟ್ಸ್ 1950ರಲ್ಲಿ ಇದಕ್ಕೆ ಹೆಸರು ಕೊಟ್ಟ. ಇಬ್ಬರಲ್ಲಿ ಯಾರಿಗೂ ದುರುದ್ದೇಶ ಇರಬೇಕಾಗಿಲ್ಲ ಎನ್ನುವುದೇ ಇದರ ತಿರುಳು. ದುರುದ್ದೇಶ ಇದ್ದರೆ ಅದು ಬರೀ ಹಗೆತನ, ಇಕ್ಕಟ್ಟಲ್ಲ.

*ಸಾಮೂಹಿಕ ಭದ್ರತೆ, ಸಾಮೂಹಿಕ ರಕ್ಷಣೆ.* ಎರಡೂ ಒಂದೇ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಗುಂಪಿನ ಸದಸ್ಯರಲ್ಲೇ ಯಾರು ತಪ್ಪು ಮಾಡಿದರೂ ಉಳಿದವರೆಲ್ಲ ಸೇರಿ ಅವನನ್ನು ತಡೆಯುವುದು ಮೊದಲನೆಯದು. ವಿಶ್ವಸಂಸ್ಥೆಯ ಹಿಂದಿನ ಕಲ್ಪನೆ ಇದು. ಹೊರಗಿನವನು ಹೊಡೆದರೆ ನಾವೆಲ್ಲ ಒಂದು ಎನ್ನುವುದು ಎರಡನೆಯದು. ಪಾಶ್ಚಾತ್ಯ ದೇಶಗಳ ಸೇನಾಕೂಟವಾದ ನ್ಯಾಟೊದ 1949ರ ಒಪ್ಪಂದದ 5ನೇ ವಿಧಿ ಇದು.

'ಬಲಸಮತೋಲನ' ಎಂದರೆ ತಕ್ಕಡಿಯ ಎರಡೂ ತಟ್ಟೆ ಸಮ ಎಂದೇನಲ್ಲ. ಒಬ್ಬ ತೀರಾ ಬಲಿತಾಗ ಉಳಿದವರು ಸೇರಿ ಅವನನ್ನು ತಡೆಯುವ ಪ್ರವೃತ್ತಿ. 'ನಿರೋಧ' ಎಂದರೆ ಹೊಡೆದರೆ ತಿರುಗಿ ಬೀಳುವ ಏಟಿನ ಭಯ ಹುಟ್ಟಿಸಿ ಎದುರಾಳಿಯನ್ನು ಸುಮ್ಮನಿರಿಸುವುದು. ಅಣ್ವಸ್ತ್ರದ ಚರ್ಚೆಯೆಲ್ಲ ಇದರ ಸುತ್ತ. ಪದಗಳನ್ನು ಹೀಗೆ ಒಂದು ಸಾಲು, ಒಂದು ಉದಾಹರಣೆಯೊಂದಿಗೆ ಬರೆಯುತ್ತಾ ಹೋಗಿ. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದವೂ ಪಕ್ಕದಲ್ಲಿರಲಿ, ಪರೀಕ್ಷಾ ಪತ್ರಿಕೆಯಲ್ಲಿ ಯಾವ ಅನುವಾದ ಬರುತ್ತದೋ ಹೇಳಲಾಗದು.

ಹಂತ 4: ಒಂದೊಂದು ಪಾತ್ರದಲ್ಲಿ ಕುಳಿತು ಅರ್ಥ ಹೇಳಿ

ಈಗ ಸಿದ್ಧಾಂತಗಳು. ಒಂದಕ್ಕೆ ಒಂದು ಪುಟ, ಪ್ರಸಂಗ ಅದೇ 1784.

ವಾಸ್ತವವಾದ. 'ಸಂಧಿಯಾದದ್ದು ಸ್ನೇಹದಿಂದಲ್ಲ, ಇಬ್ಬರಿಗೂ ಆ ಗಳಿಗೆಯಲ್ಲಿ ಮುಂದುವರಿಯುವ ಬಲವಿರಲಿಲ್ಲ. ಮುರಿದದ್ದು ದ್ರೋಹದಿಂದಲ್ಲ, ಬಲದ ಲೆಕ್ಕ ಬದಲಾಯಿತು. ಕಾಗದ ಯಾರನ್ನೂ ಕಟ್ಟಿಹಾಕದು.' ವಾಸ್ತವವಾದಿಯಾಗಿ ಕುಳಿತಾಗ ಹೀಗೆ ಮಾತಾಡಬೇಕು. ಈ ಪರಂಪರೆಯವರು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನಿಂದ ತಮ್ಮ ವಂಶಾವಳಿ ಹೇಳುತ್ತಾರೆ. ಇಪ್ಪತ್ತನೇ ಶತಮಾನದಲ್ಲಿ ಎರಡು ಕವಲು. 1948ರ ಹೊತ್ತಿಗೆ ಹ್ಯಾನ್ಸ್ ಮಾರ್ಗೆಂಥೌ ಮನುಷ್ಯ ಸ್ವಭಾವದಲ್ಲೇ ಅಧಿಕಾರದಾಹವಿದೆ ಎಂದ. 1979ರಲ್ಲಿ ವಾಲ್ಟ್ಸ್ ಸ್ವಭಾವವನ್ನು ಪಕ್ಕಕ್ಕಿಟ್ಟು, ಒಡೆಯನಿಲ್ಲದ ವ್ಯವಸ್ಥೆಯೇ ಒಳ್ಳೆಯವನನ್ನೂ ಶಸ್ತ್ರ ಹಿಡಿಯುವಂತೆ ಮಾಡುತ್ತದೆ ಎಂದ. ಇವರಿಬ್ಬರನ್ನು ಒಂದೇ ವಾಕ್ಯದಲ್ಲಿ ಕಲಸಿಬಿಟ್ಟರೆ ಮೌಲ್ಯಮಾಪಕರಿಗೆ ನೀವು ಗೈಡು ಓದಿದವರೆಂದು ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತಪ್ಪು: ವಾಸ್ತವವಾದಿಗಳು ಯುದ್ಧಪ್ರಿಯರು ಎಂದು ಬರೆಯುವುದು. ವಿಯೆಟ್ನಾಂ ಯುದ್ಧವನ್ನು ಮಾರ್ಗೆಂಥೌ ಬಹಿರಂಗವಾಗಿ ವಿರೋಧಿಸಿದ. 2003ರ ಇರಾಕ್ ಯುದ್ಧಕ್ಕೆ ಮೊದಲು ವಾಲ್ಟ್ಸ್, ಮಿಯರ್‌ಶೈಮರ್ ಮುಂತಾದ ವಾಸ್ತವವಾದಿಗಳು ಅದು ಅಮೆರಿಕದ ಹಿತಕ್ಕೆ ತಕ್ಕುದಲ್ಲ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೇ ಹೇಳಿದ್ದರು. ಲಾಭವಿಲ್ಲದ ಯುದ್ಧ ವಾಸ್ತವವಾದಿಗೂ ಬೇಡ.

ಕೌಟಿಲ್ಯನನ್ನು ಇಲ್ಲೇ ಓದಿಕೊಳ್ಳಿ. ಅರ್ಥಶಾಸ್ತ್ರದ ಓಲೆಗರಿ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಮಂಡಲ ಸಿದ್ಧಾಂತದ ಸಾರ: ಗಡಿ ಹಂಚಿಕೊಂಡವನು ಸಹಜವಾಗಿ ಅರಿ (ಶತ್ರು), ಅವನ ಆಚೆಯವನು ಮಿತ್ರ. ಮೈಸೂರಿನ ಸುತ್ತ ವೃತ್ತ ಎಳೆದು ಮರಾಠರು, ನಿಜಾಮ, ಕಂಪನಿ, ದೂರದ ಫ್ರೆಂಚರನ್ನು ಗುರುತಿಸಿ. 1792 ಅರ್ಧ ಅರ್ಥವಾಗುತ್ತದೆ. ಷಾಡ್ಗುಣ್ಯ ಎಂಬ ಆರು ನೀತಿಗಳಲ್ಲಿ ಮೊದಲನೆಯದೇ ಸಂಧಿ, ಅದು ತಾನು ಶತ್ರುವಿಗಿಂತ ಕುಗ್ಗಿರುವಾಗ ಹಿಡಿಯುವ ದಾರಿ. ಮೇಲುಗೈ ಇದ್ದರೆ ವಿಗ್ರಹ, ಅಂದರೆ ಯುದ್ಧ; ಸಮಬಲವಿದ್ದರೆ ಸುಮ್ಮನೆ ಕಾಯುವ ಆಸನ. ಮೊಬೈಲಿಗೆ ಬೆಳಿಗ್ಗೆ ಬರುವ 'ಚಾಣಕ್ಯ ನೀತಿ' ಶುಭೋದಯಗಳನ್ನು ಮಾತ್ರ ಉತ್ತರಪತ್ರಿಕೆಯಲ್ಲಿ ಉಲ್ಲೇಖಿಸಬೇಡಿ.

ಉದಾರವಾದ. 'ಒಪ್ಪಂದ ಉಳಿಯಲಿಲ್ಲ, ಏಕೆಂದರೆ ಅದನ್ನು ಉಳಿಸುವ ಸಂಸ್ಥೆ ಇರಲಿಲ್ಲ. ಯಾರು ಷರತ್ತು ಪಾಲಿಸಿದರು ಎಂದು ನೋಡುವವರಿರಲಿಲ್ಲ, ಪ್ರಜೆಗಳಿಗೆ ಉತ್ತರಿಸಬೇಕಾದ ಸರ್ಕಾರ ಎರಡೂ ಕಡೆ ಇರಲಿಲ್ಲ, ಯುದ್ಧ ಮಾಡಿದರೆ ಇಬ್ಬರಿಗೂ ನಷ್ಟವಾಗುವಷ್ಟು ವ್ಯಾಪಾರ ಹೆಣೆದಿರಲಿಲ್ಲ.' 1795ರಲ್ಲಿ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಷರತ್ತುಗಳನ್ನು ಬರೆದ. 1918ರ ಜನವರಿಯಲ್ಲಿ ಶಾಂತಿಗಾಗಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್‌ನ ಹದಿನಾಲ್ಕು ಅಂಶಗಳು ಬಂದವು, 1920ರಲ್ಲಿ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘ. ಅದು ಕುಸಿದ ಮೇಲೆ ಈ ಪಂಥವನ್ನು 'ಆದರ್ಶವಾದ' ಎಂದು ಹಂಗಿಸಿದವರೇ ಹೆಚ್ಚು. ಆಮೇಲಿನ ಉದಾರವಾದಿಗಳು ಹಾಗೆ ಸುಲಭಕ್ಕೆ ಸಿಕ್ಕಿಬೀಳುವವರಲ್ಲ. 1977ರಲ್ಲಿ ರಾಬರ್ಟ್ ಕೊಹೇನ್ ಮತ್ತು ಜೋಸೆಫ್ ನೈ 'ಪರಸ್ಪರಾವಲಂಬನೆ'ಯನ್ನು ವಿವರಿಸಿದರು. ಸ್ವಾರ್ಥಿಗಳೂ ಸಹಕರಿಸಬಲ್ಲರು, ಮೋಸ ಪತ್ತೆಹಚ್ಚುವ ಏರ್ಪಾಡಿದ್ದರೆ ಸಾಕು ಎನ್ನುವುದು ಕೊಹೇನ್‌ನ ಮುಂದಿನ ವಾದ. ಮೈಕೆಲ್ ಡಾಯ್ಲ್ 1983ರಲ್ಲಿ ಕಾಂಟ್‌ನನ್ನು ಮತ್ತೆ ಹೊರತೆಗೆದು, ಉದಾರವಾದಿ ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂದ. ಗಮನಿಸಿ, 'ಪರಸ್ಪರ'. ಬೇರೆಯವರೊಡನೆ ಅವು ಧಾರಾಳವಾಗಿ ಯುದ್ಧ ಮಾಡಿವೆ. ಆ ಒಂದು ಪದ ಬಿಟ್ಟರೆ ಇಡೀ ಉತ್ತರ ತಪ್ಪಾಗುತ್ತದೆ.

'ಕಾರ್ಯವಾದ' ಇದರ ಒಂದು ಕೊಂಬೆ. ಡೇವಿಡ್ ಮಿಟ್ರಾನಿ 1943ರಲ್ಲಿ ಹೇಳಿದ್ದಿಷ್ಟು: ದೊಡ್ಡ ರಾಜಕೀಯ ಬದಿಗಿಡಿ, ಸಣ್ಣ ಕೆಲಸಗಳಲ್ಲಿ ಜೊತೆಗೂಡಿ, ಅಭ್ಯಾಸ ತಾನಾಗಿ ಹಬ್ಬುತ್ತದೆ. 1874ರಲ್ಲಿ ಹುಟ್ಟಿದ ಅಂಚೆ ಒಕ್ಕೂಟವನ್ನು ನೆನೆಯಿರಿ. ಉಡುಪಿಯಲ್ಲಿ ಅಂಚೆಚೀಟಿ ಹಚ್ಚಿದ ಕಾಗದ ಮಸ್ಕತ್ತಿನಲ್ಲಿ ಬಟವಾಡೆಯಾಗುವುದು ಇಂಥ ಸದ್ದಿಲ್ಲದ ಏರ್ಪಾಡಿನಿಂದ.

ಮಾರ್ಕ್ಸ್‌ವಾದಿ ಧಾರೆ. ಇವರು ಪ್ರಶ್ನೆಯನ್ನೇ ಬದಲಿಸುತ್ತಾರೆ. 'ಟಿಪ್ಪು, ಮೆಕಾರ್ಟ್ನಿ ಬಿಡಿ; ವ್ಯಾಪಾರದ ಕಂಪನಿಯೊಂದಕ್ಕೆ ಸೈನ್ಯ ಏಕೆ ಬೇಕಾಯಿತು? ಮಲಬಾರ್ ತೀರದ ಕಾಳುಮೆಣಸಿನ ಲಾಭ ಯಾರ ಕಿಸೆಗೆ ಹೋಯಿತು?' ಇಮ್ಯಾನುಯೆಲ್ ವಾಲರ್‌ಸ್ಟೈನ್ 1974ರಿಂದ ಬೆಳೆಸಿದ ವಿಶ್ವವ್ಯವಸ್ಥೆ ಸಿದ್ಧಾಂತದಲ್ಲಿ ಜಗತ್ತು ಕೇಂದ್ರ, ಅಂಚು, ನಡುವೆ ಅರೆಅಂಚು ಎಂದು ಮೂರು. ನಮ್ಮೂರಿನ ಗೇರುಬೀಜ ಕಾರ್ಖಾನೆಯ ಉದಾಹರಣೆ ಇಲ್ಲಿ ಚೆನ್ನಾಗಿ ಕೂರುತ್ತದೆ. ಆಫ್ರಿಕದ ದೇಶಗಳಿಂದ ಹಸಿ ಗೇರುಬೀಜ ಹಡಗಿನಲ್ಲಿ ಬರುತ್ತದೆ, ಇಲ್ಲಿ ಹೆಂಗಸರು ಸಿಪ್ಪೆ ಸುಲಿದು ವಿಂಗಡಿಸುತ್ತಾರೆ, ಬಿಳಿ ತಿರುಳು ಶ್ರೀಮಂತ ಮಾರುಕಟ್ಟೆಗಳಿಗೆ ಹೋಗುತ್ತದೆ. ಬೆಳೆದವರು ಅಂಚು, ಕೊಂಡು ತಿನ್ನುವವರು ಕೇಂದ್ರ, ಸುಲಿಯುವ ನಾವು ನಡುವೆ. 'ಅಭಿವೃದ್ಧಿಯಲ್ಲಿ ಹಿಂದೆ ಬಿದ್ದ ದೇಶ' ಎಂಬ ಮಾತನ್ನು ಇವರು ಒಪ್ಪುವುದಿಲ್ಲ; ಹಿಂದೆ ಬಿದ್ದದ್ದಲ್ಲ, ಹಿಂದೆ ಇರಿಸಿದ್ದು ಎನ್ನುತ್ತಾರೆ.

ರಚನಾವಾದ. ಮೊದಲೇ ಹೇಳಿಬಿಡುತ್ತೇನೆ: ಕೆಲವು ಪುಸ್ತಕಗಳು 'ಸ್ಟ್ರಕ್ಚರಲಿಸಂ' ಅನ್ನೂ ರಚನಾವಾದ ಎನ್ನುತ್ತವೆ. ಇಲ್ಲಿ ಹೇಳುತ್ತಿರುವುದು 'ಕನ್‌ಸ್ಟ್ರಕ್ಟಿವಿಸಂ'. ಪ್ರಶ್ನೆಪತ್ರಿಕೆಯಲ್ಲಿ ಯಾವುದು ಎಂದು ಖಾತ್ರಿ ಮಾಡಿಕೊಂಡೇ ಬರೆಯಲು ಶುರುಮಾಡಿ.

ವಸ್ತುವಿಗಿಂತ ವಸ್ತುವಿಗೆ ನಾವು ಒಪ್ಪಿ ಕೊಟ್ಟ ಅರ್ಥ ಮುಖ್ಯ ಎನ್ನುವುದು ಇವರ ಮೂಲ ಮಾತು. ಒಡೆಯನಿಲ್ಲದ ಸ್ಥಿತಿ ಕೂಡ ದೇಶಗಳು ಅದನ್ನು ಏನೆಂದುಕೊಳ್ಳುತ್ತವೋ ಅದೇ ಎಂದು ಅಲೆಕ್ಸಾಂಡರ್ ವೆಂಟ್ 1992ರಲ್ಲಿ ವಾದಿಸಿದ. ಬ್ರಿಟನ್ನಿನ ಐನೂರು ಅಣ್ವಸ್ತ್ರಕ್ಕಿಂತ ಉತ್ತರ ಕೊರಿಯದ ಐದು ಅಣ್ವಸ್ತ್ರ ಅಮೆರಿಕಕ್ಕೆ ಹೆಚ್ಚು ಭಯ ಹುಟ್ಟಿಸುವುದೇಕೆ ಎನ್ನುವುದು ಅವನದೇ ಉದಾಹರಣೆ.

ನಾನು ತರಗತಿಯಲ್ಲಿ ಬಳಸುವುದು ಮಾತ್ರ ಮಲ್ಪೆಯ ಸಮುದ್ರವನ್ನು. ನೀರು ಅದೇ, ಅಲೆ ಅದೇ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಈ ಸಮುದ್ರ ತಮ್ಮದೆಂದು ಸಾರಿ, 'ಕರ್ತಾಜ್' ಎಂಬ ಪರವಾನಗಿ ಪಡೆಯದ ಹಡಗುಗಳನ್ನು ಹಿಡಿಯುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ಕೊಡಲು ಒಪ್ಪದೆ ಅವರ ವಿರುದ್ಧ ನಿಂತಳು. 1609ರಲ್ಲಿ ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್, ಸಮುದ್ರ ಯಾರ ಸೊತ್ತೂ ಅಲ್ಲ ಎಂದು ಬರೆದ. ತನ್ನವರ ವ್ಯಾಪಾರಕ್ಕೆ ಅನುಕೂಲವಾಗಲಿ ಎಂದೇ ಬರೆದದ್ದು, ಆ ವಿಷಯದಲ್ಲಿ ಭ್ರಮೆ ಬೇಡ. 1982ರ ಸಮುದ್ರ ಕಾನೂನಿನ ಒಡಂಬಡಿಕೆ ದಡದಿಂದ 12 ನಾಟಿಕಲ್ ಮೈಲಿ ದೇಶದ ಜಲಗಡಿ, 200 ನಾಟಿಕಲ್ ಮೈಲಿ ವಿಶೇಷ ಆರ್ಥಿಕ ವಲಯ ಎಂದು ಗೆರೆ ಎಳೆಯಿತು. ಇವತ್ತು ಆಳಸಮುದ್ರದ ಬೋಟು ನಡೆಸುವ ತಾಂಡೇಲರು ಮುಂದಿರುವ ಪರದೆಯಲ್ಲಿ ನೋಡುವುದು ನೀರಿನಲ್ಲಿ ಎಲ್ಲೂ ಇಲ್ಲದ ಗೆರೆಯನ್ನು. ಇಲ್ಲದ ಆ ಗೆರೆ ದಾಟಿದರೆ ಜೈಲು ಮಾತ್ರ ನಿಜವಾದದ್ದು. ಒಪ್ಪಿಕೊಂಡ ಅರ್ಥ ಕಲ್ಲಿನಷ್ಟು ಗಟ್ಟಿಯಾಗುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. 1784ಕ್ಕೆ ಇದನ್ನು ಅನ್ವಯಿಸುವ ಕೆಲಸ ನಿಮಗೆ: ಕಂಪನಿ ಟಿಪ್ಪುವನ್ನು 'ಸಮಾನ ಅರಸ' ಎಂದು ಕಂಡದ್ದು ಯಾವಾಗ, 'ತೊಲಗಿಸಬೇಕಾದವನು' ಎಂದು ಕಂಡದ್ದು ಯಾವಾಗ?

ಸ್ತ್ರೀವಾದ. ಸಿಂಥಿಯಾ ಎನ್‌ಲೊ 1989ರಲ್ಲಿ ಕೇಳಿದ ಪ್ರಶ್ನೆ ಸರಳ: ಈ ಚಿತ್ರದಲ್ಲಿ ಹೆಂಗಸರು ಎಲ್ಲಿದ್ದಾರೆ? ಮುತ್ತಿಗೆಯ ಇತಿಹಾಸದಲ್ಲಿ ಅಡುಗೆ ಮಾಡಿದವರು, ಗಾಯ ತೊಳೆದವರು ಲೆಕ್ಕಕ್ಕಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕಡೆಯ ನರ್ಸುಗಳು ಕಳುಹಿಸುವ ಹಣ ವಿದೇಶಿ ವಿನಿಮಯದ ಲೆಕ್ಕದಲ್ಲಿದೆ, ಅವರ ಹೆಸರು ವಿದೇಶಾಂಗ ನೀತಿಯ ಅಧ್ಯಾಯದಲ್ಲಿಲ್ಲ. ಇದನ್ನು ಕೊನೆಯ ಎರಡು ಸಾಲಿಗೆ ತಳ್ಳುವುದು ಎಲ್ಲರ ಅಭ್ಯಾಸ. ನಾನೂ ಇಲ್ಲಿ ಅದನ್ನೇ ಮಾಡಿದೆನಲ್ಲ ಎಂದು ನೀವು ಆಕ್ಷೇಪಿಸಿದರೆ ತಲೆಬಾಗುತ್ತೇನೆ.

ಹಂತ 5: ಎರಡನೇ ಪ್ರಸಂಗದಲ್ಲಿ ಒಬ್ಬರೇ ನಡೆಯಿರಿ

1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರನ್ನು ಸಂವಿಧಾನ ಸಭೆಯ ಸಲಹೆಗಾರರೆಂದು ಎಲ್ಲರೂ ಬಲ್ಲರು. 1950ರ ಜೂನ್‌ನಲ್ಲಿ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ಜೂನ್ 25ರಂದು ಉತ್ತರ ಕೊರಿಯದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ಮಂಡಳಿ ದಾಳಿಯನ್ನು ಖಂಡಿಸಿ ಹಿಂದೆಗೆಯಲು ಕರೆಕೊಟ್ಟಾಗ ಭಾರತ ಪರವಾಗಿ ಮತ ಹಾಕಿತು. ಮಂಡಳಿಯಲ್ಲಿ ಚೀನಾದ ಸ್ಥಾನ ಯಾವ ಸರ್ಕಾರಕ್ಕೆ ಎಂಬ ತಕರಾರಿನಿಂದ ಸೋವಿಯತ್ ಪ್ರತಿನಿಧಿ ಸಭೆ ಬಹಿಷ್ಕರಿಸಿದ್ದರಿಂದ ನಿಷೇಧಾಧಿಕಾರ (ವೀಟೊ) ಚಲಾಯಿಸುವವರು ಇರಲಿಲ್ಲ. ಎರಡು ದಿನದ ನಂತರ ದಕ್ಷಿಣಕ್ಕೆ ಸೇನಾ ನೆರವಿನ ಶಿಫಾರಸು ಬಂದಾಗ ದೆಹಲಿಯ ಸೂಚನೆ ಕೈಸೇರದೆ ಭಾರತ ಮತದಾನದಲ್ಲಿ ಭಾಗವಹಿಸಲಿಲ್ಲ. ಆಮೇಲೆ ನಿರ್ಣಯವನ್ನು ಒಪ್ಪಿತು. ಭಾರತ ಕಳುಹಿಸಿದ್ದು ಕಾದಾಡುವ ದಳವನ್ನಲ್ಲ, ವೈದ್ಯಕೀಯ ದಳವನ್ನು. ಉತ್ತರದ ಪರ ಯುದ್ಧಕ್ಕಿಳಿದಿದ್ದ ಚೀನಾವನ್ನು ಆಕ್ರಮಣಕಾರ ಎನ್ನುವ ನಿರ್ಣಯಕ್ಕೆ 1951ರ ಫೆಬ್ರವರಿಯಲ್ಲಿ ಭಾರತ ವಿರುದ್ಧ ಮತ ಹಾಕಿತು. 1953ರಲ್ಲಿ ಯುದ್ಧಕೈದಿಗಳ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ.

ಮೂರು ಮಹಡಿ ಬರೆಯಿರಿ, ಆಮೇಲೆ ಪಾತ್ರಗಳು. ಸುಳಿವು ಮಾತ್ರ ಕೊಡುತ್ತೇನೆ. ಸಾಮೂಹಿಕ ಭದ್ರತೆ ಗೆದ್ದಿತು ಎಂದು ಉದಾರವಾದಿ ಬೀಗಿದರೆ, ಸೋವಿಯತ್ ಕುರ್ಚಿ ಖಾಲಿಯಿದ್ದದ್ದರಿಂದ ಎಂದು ವಾಸ್ತವವಾದಿ ಚುಚ್ಚುತ್ತಾನೆ. ಭಾರತ ಒಮ್ಮೆ ಪರ, ಒಮ್ಮೆ ವಿರುದ್ಧ ಮತ ಹಾಕಿದ್ದನ್ನು ವಾಸ್ತವವಾದಿ ಹೇಗೆ ವಿವರಿಸುತ್ತಾನೆ? ನೆರೆಯ ಚೀನಾದ ಭಯದಿಂದಲೇ? ಆಗಷ್ಟೇ ಸ್ವತಂತ್ರವಾದ ಏಷ್ಯಾದ ದೇಶ ಎಂಬ ಗುರುತಿನಿಂದ ಎಂದು ರಚನಾವಾದಿ ಹೇಳಿದರೆ ಅದಕ್ಕೆ ಪುರಾವೆ ಏನು ಕೊಡುತ್ತಾನೆ? ಪ್ರತಿ ಪಾತ್ರಕ್ಕೂ ಅದು ವಿವರಿಸಲಾಗದ ಒಂದು ಸಂಗತಿಯನ್ನು ಕೊನೆಯಲ್ಲಿ ಬರೆಯಲೇಬೇಕು. ಎಲ್ಲವನ್ನೂ ವಿವರಿಸಿಬಿಟ್ಟಿತು ಅನ್ನಿಸಿದರೆ ನೀವು ಎಲ್ಲೋ ಮೋಸಹೋಗಿದ್ದೀರಿ.

ಹಂತ 6: ಉತ್ತರ ಬರೆಯುವಾಗ

ವ್ಯಾಖ್ಯೆಯಿಂದ ಶುರುಮಾಡಬೇಡಿ, ಘಟನೆಯಿಂದ ಶುರುಮಾಡಿ. 'ಬಲಸಮತೋಲನದ ಪರಿಕಲ್ಪನೆಯನ್ನು ವಿಮರ್ಶಿಸಿ' ಎಂದರೆ ಮೊದಲ ಪ್ಯಾರಾ ಹೀಗಿರಬಹುದು: '1784ರಲ್ಲಿ ಸಮಾನರಂತೆ ಸಂಧಿ ಮಾಡಿಕೊಂಡ ಮೈಸೂರನ್ನು 1790ರಲ್ಲಿ ಕಂಪನಿ, ಮರಾಠರು, ನಿಜಾಮ ಒಟ್ಟಾಗಿ ಎದುರಿಸಿದರು. ಬಲಿತ ನೆರೆಯವನ ವಿರುದ್ಧ ಉಳಿದವರು ಕೂಡುವರೆಂಬ ಬಲಸಮತೋಲನದ ನಿರೀಕ್ಷೆಗೆ ಇದು ಹೊಂದುತ್ತದೆ. ಹಾಗಾದರೆ ಮೈಸೂರಿಗಿಂತ ವೇಗವಾಗಿ ಬಲಿಯುತ್ತಿದ್ದ ಕಂಪನಿಯ ವಿರುದ್ಧ ಅವರು ಏಕೆ ಕೂಡಲಿಲ್ಲ?' ಆ ಕೊನೆಯ ಪ್ರಶ್ನೆಯಲ್ಲಿ ವಿಮರ್ಶೆ ಶುರುವಾಗಿದೆ. ಯಾರಿಂದ ಬೆದರಿಕೆ ಎಂದು ಅನ್ನಿಸುತ್ತದೋ ಅವರ ವಿರುದ್ಧ ದೇಶಗಳು ಕೂಡುತ್ತವೆ, ಬರೀ ಬಲ ನೋಡಿ ಅಲ್ಲ ಎಂಬ ಸ್ಟೀಫನ್ ವಾಲ್ಟ್‌ನ 1987ರ ತಿದ್ದುಪಡಿಗೆ ಅಲ್ಲಿಂದ ದಾರಿ ತೆರೆಯುತ್ತದೆ.

ಹೆಸರು ಮತ್ತು ಇಸವಿಗಳ ಮಳೆ ಸುರಿಸಬೇಡಿ. ಒಂದು ಉತ್ತರಕ್ಕೆ ಮೂವರು ವಿದ್ವಾಂಸರು ಸಾಕು. ಕೆನೆತ್ ವಾಲ್ಟ್ಸ್ ಬೇರೆ, ಸ್ಟೀಫನ್ ವಾಲ್ಟ್ ಬೇರೆ. ಇಬ್ಬರನ್ನೂ ಒಬ್ಬರಾಗಿಸಿದ ಉತ್ತರಗಳನ್ನು ಬೇಕಾದಷ್ಟು ತಿದ್ದಿದ್ದೇನೆ. ಯಾವ ಸಿದ್ಧಾಂತ ಸರಿ ಎಂದು ಕೊನೆಯಲ್ಲಿ ತೀರ್ಪು ಕೊಡುವುದಾದರೆ, ಈ ಘಟನೆಯ ಈ ಪ್ರಶ್ನೆಗೆ ಇದು ಹೆಚ್ಚು ಹೊಂದುತ್ತದೆ ಎನ್ನುವಷ್ಟಕ್ಕೆ ನಿಲ್ಲಿಸಿ.

ಹಂತ 7: ವಾರಕ್ಕೊಂದು ಸುದ್ದಿ

ಮೊದಲ ವಾರಕ್ಕೆ ಹತ್ತಿರದ್ದೇ ಒಂದು ಪ್ರಸಂಗ ಕೊಡುತ್ತೇನೆ. ಕಾಪು ಸಮೀಪದ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಭೂಗರ್ಭ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಇರಿಸಬಹುದು, ಮಂಗಳೂರಿನ ಗುಹೆಗಳಲ್ಲಿ 15 ಲಕ್ಷ ಟನ್. ಕೊಲ್ಲಿಯಲ್ಲಿ ಯುದ್ಧವಾಗಿ ಹಡಗು ನಿಂತರೆ ಎಂದು ಮಾಡಿಟ್ಟ ಆಪದ್ಧನ. ಮಂಗಳೂರಿನ ಗುಹೆಯ ಒಂದು ಭಾಗದಲ್ಲಿ ತನ್ನ ತೈಲ ತಂದಿರಿಸಲು ಅಬುಧಾಬಿಯ ಸರ್ಕಾರಿ ತೈಲ ಕಂಪನಿ ಒಪ್ಪಂದ ಮಾಡಿಕೊಂಡು, 2018ರಲ್ಲಿ ಮೊದಲ ಹಡಗು ಬಂತು. ಯಾರನ್ನೂ ನಂಬಲಾಗದು ಎಂದು ತೋಡಿದ ಗುಹೆಯಲ್ಲಿ ಹೊರದೇಶದವರ ಎಣ್ಣೆ. ವಾಸ್ತವವಾದಿ ಇದಕ್ಕೆ ಏನೆನ್ನುತ್ತಾನೆ, ಉದಾರವಾದಿ ಏನೆನ್ನುತ್ತಾನೆ? ಗುಹೆಗೆ ನೆಲ ಬಿಟ್ಟುಕೊಟ್ಟ ಹಳ್ಳಿಯವರ ಮಾತನ್ನು ಯಾವ ಸಿದ್ಧಾಂತದ ಪುಟದಲ್ಲಿ ಬರೆಯುತ್ತೀರಿ? ಒಂದೊಂದಕ್ಕೆ ಅರ್ಧ ಪುಟ ಬರೆದು, ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ತಿಂಗಳು ಬಿಟ್ಟು ಓದಿದಾಗ ಅಲ್ಲಿ ಬರೆಯಲು ಏನಾದರೂ ಸಿಕ್ಕೇ ಸಿಗುತ್ತದೆ.